ಒಂದಂಗುಲ ಗಾಳಿ

ಕಳೆದ ವರ್ಷ ಮೇ ತಿಂಗಳ ಕೊನೆಯಲ್ಲಿ ಬೆಂಗಳೂರಿನಿಂದ ಬಂದ ಭಾವ ತಮ್ಮ ಐಷಾರಾಮಿ ಎಸ್‌ಯುವಿಯನ್ನು ಅಂಗಳಕ್ಕೆ ತರದೆ ಓಣಿಯ ಬಾಯಲ್ಲೇ ಬಿಟ್ಟು ನಡೆದು ಬಂದರು. ಏನೋ ಆಗಿದೆ ಎಂದು ಮುಖ ನೋಡಿದರೇ ಗೊತ್ತಾಗುತ್ತಿತ್ತು. ಹೋಗಿ ಬಗ್ಗಿ ನೋಡಿದೆ. ಮುಂದಿನ ಎಡಚಕ್ರದ ಟಯರಿನ ಪಕ್ಕೆಯಲ್ಲಿ ನಿಂಬೆಹಣ್ಣಿನಷ್ಟು ದೊಡ್ಡ ಉಬ್ಬು. ಹೊಸಂಗಡಿ ದಾಟಿದ ಮೇಲೆ ಎಲ್ಲೋ ಡಾಂಬರು ಕಿತ್ತ ಅಂಚಿಗೆ ಹೊಡೆದಿತ್ತಂತೆ. ಬಟನ್, ಅಂದರೆ ರಸ್ತೆಗೆ ತಾಗುವ ರಬ್ಬರಿನ ಅಚ್ಚು, ಇನ್ನೂ ಹೊಸದರ ಹಾಗೆಯೇ ಇತ್ತು. ಆದರೆ ಪಕ್ಕೆಯೊಳಗಿನ ದಾರಗಳು ಕಡಿದ ಮೇಲೆ ಆ ಟಯರ್ ಮುಗಿದ ಹಾಗೆಯೇ. ಅದಕ್ಕೆ ಪ್ಯಾಚೂ ಇಲ್ಲ, ಪ್ಲಗ್ಗೂ ಇಲ್ಲ.

ಕುಂದಾಪುರದಲ್ಲಿ ವಿಚಾರಿಸಿದರೆ ಆ ಅಳತೆಯದನ್ನು ಹೊರಗಿನಿಂದ ತರಿಸಬೇಕು ಎಂದರು. ನಾಲ್ಕನ್ನೂ ಬದಲಿಸಿದರೆ ಬಿಲ್ಲು ಲಕ್ಷ ದಾಟುತ್ತದೆ. ರಾತ್ರಿ ಊಟಕ್ಕೆ ಕೂತಾಗ ಭಾವ ಕೇಳಿದರು: “ಹ್ವಾಯ್ ಭಾವ, ಮೆತ್ತಗಿಪ್ದ್ ಹಾಕ್ಕಾ, ಗ್ರಿಪ್ ಇಪ್ದ್ ಹಾಕ್ಕಾ?”

ಕಾರಿನ ಬಗ್ಗೆ ಬರೆಯುವವರೆಲ್ಲ ಇದೇ ಪ್ರಶ್ನೆಯನ್ನು ಕಂಫರ್ಟ್ ಮತ್ತು ಹ್ಯಾಂಡ್ಲಿಂಗ್ ಎಂದು ತಕ್ಕಡಿಯ ಎರಡು ತಟ್ಟೆಗೆ ಹಾಕುತ್ತಾರೆ. ಆ ವಾರವೆಲ್ಲ ಟಯರ್ ಅಂಗಡಿ, ಅಲೈನ್‌ಮೆಂಟ್ ಅಂಗಡಿ, ಪಂಕ್ಚರ್ ಅಂಗಡಿ ಸುತ್ತಿದ ಮೇಲೆ ನನಗೆ ಅನ್ನಿಸಿದ್ದು ಇಷ್ಟು: ನಮ್ಮೂರು ಗುಲ್ವಾಡಿಯಲ್ಲಿ ಕೂತು ಈ ಪ್ರಶ್ನೆ ಕೇಳುವವರು ಮೊದಲು ರಿಮ್ಮಿನ ಅಳತೆ ನೋಡಬೇಕು, ಆಮೇಲೆ ಮಳೆ ನೋಡಬೇಕು. ಟಯರಿನ ಹೆಸರು ಮೂರನೆಯದು.

ನಮ್ಮೂರಲ್ಲಿ ಐಷಾರಾಮಿ ಎಸ್‌ಯುವಿಯೇ ಎಂದು ನಗುವವರು ಹಬ್ಬದ ದಿನಗಳಲ್ಲಿ ಬಂದು ನೋಡಬೇಕು. ಊರಿನ ಹೆಸರನ್ನೇ ಮನೆತನದ ಹೆಸರು ಮಾಡಿಕೊಂಡು ಹೊರಟವರ ಊರು ಇದು. 1899ರಲ್ಲಿ ‘ಇಂದಿರಾಬಾಯಿ’ ಕಾದಂಬರಿ ಹೊರತಂದ ಗುಲ್ವಾಡಿ ವೆಂಕಟರಾಯರ ಹೆಸರಿನ ಮುಂದಿರುವುದು ಇದೇ ಗುಲ್ವಾಡಿ. ಆಮೇಲೆ ಹೋಟೆಲಿಗೆಂದು ಬೆಂಗಳೂರು, ಮುಂಬಯಿಗೆ ಹೋದವರು, ಕೆಲಸಕ್ಕೆಂದು ದುಬೈ, ಕತಾರಿಗೆ ಹೋದವರು. ನಾಗದರ್ಶನಕ್ಕೆ, ಕೋಲಕ್ಕೆ, ಮದುವೆಗೆ, ಸೌಕೂರು ಮೇಳದ ಹರಕೆಯಾಟಕ್ಕೆ ಎಲ್ಲರೂ ಬರುತ್ತಾರೆ. ಕೊಯ್ಲಾದ ಗದ್ದೆಯಲ್ಲಿ ಆಟದ ರಾತ್ರಿ ಸಾಲಾಗಿ ನಿಂತ ಗಾಡಿಗಳಲ್ಲಿ ಫಾರ್ಚೂನರ್ ಸಾಮಾನ್ಯ. ಔಡಿ, ಬೆಂಜ್, ವೋಲ್ವೋ ಅಪರೂಪವೇನಲ್ಲ. ಅವು ಗದ್ದೆಯ ಅಂಚು ಹತ್ತಿ ಇಳಿಯುವುದನ್ನು ನೋಡುವಾಗ ಮಾಲೀಕರಿಗಿಂತ ನನಗೇ ಎದೆ ಹೊಡೆದುಕೊಳ್ಳುತ್ತದೆ.

ಈ ಗಾಡಿಗಳು ಒಂದೇ ಪ್ರಯಾಣದಲ್ಲಿ ಎಷ್ಟು ಬಗೆಯ ರಸ್ತೆ ನೋಡುತ್ತವೆ ಎನ್ನುವುದರಲ್ಲೇ ಅರ್ಧ ಉತ್ತರವಿದೆ. ಬೆಂಗಳೂರು ಬಿಟ್ಟ ಮೇಲೆ ಗಂಟೆಗೆ ನೂರು ಓಡುವ ಹೆದ್ದಾರಿ. ಶಿವಮೊಗ್ಗ, ತೀರ್ಥಹಳ್ಳಿ ದಾಟಿದರೆ ಕಾಡಿನ ದಾರಿ. ಹುಲಿಕಲ್ಲಿನಿಂದ ಕೆಳಗೆ ಬಾಳೆಬರೆ ಘಾಟಿಯ ತಿರುವುಗಳು. ಸಿದ್ದಾಪುರದಿಂದ ಈಚೆ ಹೊಂಡ ಬಿದ್ದ ಡಾಂಬರು. ಕೊನೆಗೆ ಎರಡು ಕಡೆ ಮುರಕಲ್ಲಿನ ಪಾಗಾರ ಇರುವ, ಮಳೆಗಾಲದಲ್ಲಿ ಹಾವಸೆ ಕಟ್ಟುವ ನಮ್ಮ ಕಾಂಕ್ರೀಟು ಓಣಿ. ಮರುದಿನ ಕೊಲ್ಲೂರು, ಅದರ ಮರುದಿನ ಮಕ್ಕಳಿಗೆ ತೋರಿಸಲು ಒಂದು ಕಡೆ ಕಡಲು, ಒಂದು ಕಡೆ ಸೌಪರ್ಣಿಕೆ ಇರುವ ಮರವಂತೆ. ಉಡುಪಿ ಜಿಲ್ಲೆಗೆ ವರ್ಷಕ್ಕೆ 4,000 ಮಿ.ಮೀ. ಮೀರಿ ಮಳೆ ಬೀಳುತ್ತದೆ, ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಹುಲಿಕಲ್ಲಂತೂ ರಾಜ್ಯದಲ್ಲೇ ಅತಿ ಹೆಚ್ಚು ಮಳೆ ಬೀಳುವ ಜಾಗಗಳಲ್ಲೊಂದು.

ಟಯರಿನ ಪಕ್ಕೆಯ ಮೇಲಿನ ಅಂಕಿಗಳನ್ನು ಓದಲು ಕಲಿತರೆ ಅಂಗಡಿಯಲ್ಲಿ ಅರ್ಧ ಮಾತು ಉಳಿಯುತ್ತದೆ. ಭಾವನ ಟಯರ್ 255/45 ಆರ್20. 255 ಎಂದರೆ ಅಗಲ, ಮಿಲಿಮೀಟರಿನಲ್ಲಿ. 45 ಎಂದರೆ ಪಕ್ಕೆಯ ಎತ್ತರ ಆ ಅಗಲದ ಶೇ 45. ‘ಆರ್’ ಎಂದರೆ ರೇಡಿಯಲ್, 20 ಎಂದರೆ ರಿಮ್ಮಿನ ಅಡ್ಡಳತೆ ಇಂಚಿನಲ್ಲಿ. ಲೆಕ್ಕ ಹಾಕಿ: ರಸ್ತೆಗೂ ಲೋಹದ ರಿಮ್ಮಿಗೂ ನಡುವೆ ಇರುವ ಗಾಳಿಯ ದಿಂಬು 115 ಮಿ.ಮೀ. ಮಾತ್ರ. ಅದೇ ವರ್ಗದ ಗಾಡಿಗಳಿಗೆ ಬರುವ 235/55 ಆರ್19ರಲ್ಲಿ ಅದು 129, 235/60 ಆರ್18ರಲ್ಲಿ 141, 235/65 ಆರ್17ರಲ್ಲಿ 153. ಇಡೀ ಚಕ್ರದ ಎತ್ತರ ಮಾತ್ರ ನಾಲ್ಕರಲ್ಲೂ ಹೆಚ್ಚು ಕಡಿಮೆ ಒಂದೇ, 737ರಿಂದ 741 ಮಿ.ಮೀ. ಹಾಗಾಗಿ ಮೀಟರಿನ ವೇಗ ತಪ್ಪುವುದಿಲ್ಲ, ಗಾಡಿಯ ನಿಲುವು ಬದಲಾಗುವುದಿಲ್ಲ. ಬದಲಾಗುವುದು ಲೋಹ ಎಷ್ಟು, ಗಾಳಿ ಎಷ್ಟು ಎನ್ನುವುದು.

ಮೆತ್ತಗಿರುವುದು, ಹಿಡಿತ ಇರುವುದು ಎರಡೂ ಈ ಪಕ್ಕೆಯಲ್ಲೇ ಇವೆ. ಪಕ್ಕೆ ಎತ್ತರವಿದ್ದರೆ ಹೊಂಡದ ಪೆಟ್ಟನ್ನು ತಾನೇ ನುಂಗುತ್ತದೆ. ಆದರೆ ತಿರುವಿನಲ್ಲಿ ಸ್ಟಿಯರಿಂಗ್ ಎಳೆದಾಗ ಮೊದಲು ಪಕ್ಕೆ ಬಾಗಿ ಆಮೇಲೆ ಗಾಡಿ ತಿರುಗುತ್ತದೆ, ಕ್ಷಣದ ಆಲಸ್ಯ. ಪಕ್ಕೆ ಗಿಡ್ಡವಿದ್ದರೆ ಗಾಡಿ ಹೇಳಿದ ಕೂಡಲೇ ತಿರುಗುತ್ತದೆ, ಹೊಂಡದ ಪೆಟ್ಟು ಮಾತ್ರ ನೇರ ಸೊಂಟಕ್ಕೆ. ಶೋರೂಮಿನಲ್ಲಿ 20 ಇಂಚಿನ ಅಲಾಯ್ ಚಂದ ಕಾಣುತ್ತದೆ, ಒಪ್ಪೋಣ. ಆದರೆ ದೊಡ್ಡ ರಿಮ್ ಸಾಮಾನ್ಯವಾಗಿ ಭಾರವೂ ಹೆಚ್ಚು. ಆ ಭಾರ ಸ್ಪ್ರಿಂಗಿನ ಕೆಳಗೆ ಇರುವುದರಿಂದ ಪ್ರತಿ ಕುಲುಕಿಗೂ ಸಸ್ಪೆನ್ಷನ್ನಿಗೆ ಹೆಚ್ಚು ಕೆಲಸ. ಬಾಳೆಬರೆಯ ತಿರುವನ್ನು ಯಾರೂ ರೇಸಿನ ವೇಗದಲ್ಲಿ ಇಳಿಯುವುದಿಲ್ಲ. ಅಲ್ಲಿ ನಿಮ್ಮ ಮುಂದೆ ಇರುವುದು ಮರಳಿನ ಲಾರಿ, ಎದುರಿಗೆ ಬರುವುದು ಶಿವಮೊಗ್ಗದ ಬಸ್ಸು. ಗಿಡ್ಡ ಪಕ್ಕೆ ಕೊಡುವ ಆ ಕ್ಷಣದ ಚುರುಕು ಬಳಸಲು ನಮ್ಮಲ್ಲಿ ಜಾಗವಿಲ್ಲ, ಅದಕ್ಕೆ ತೆರುವ ಬೆಲೆಯನ್ನು ಮಾತ್ರ ದಿನಾ ತೆರುತ್ತೇವೆ. ಹಿಂದಿನ ಸೀಟಿನಲ್ಲಿ ಎಂಬತ್ತರ ಅತ್ತೆ ಕೂತಿದ್ದರಂತೂ ಕೇಳುವುದೇ ಬೇಡ.

ಆದ್ದರಿಂದ ನನ್ನ ಮೊದಲ ಸಲಹೆ ಟಯರಿಗೆ ಸಂಬಂಧಿಸಿದ್ದೇ ಅಲ್ಲ: ರಿಮ್ ಇಳಿಸಿ. 20ರಿಂದ 18ಕ್ಕೆ ಬಂದರೆ ಪಕ್ಕೆಗೆ 26 ಮಿ.ಮೀ., ಅಂದರೆ ಒಂದಂಗುಲ ಗಾಳಿ ಹೆಚ್ಚು ಸಿಗುತ್ತದೆ. 18ರ ಟಯರಿಗೆ ಬೆಲೆ ಕಡಿಮೆ, ಆಯ್ಕೆ ಹೆಚ್ಚು, ಅವಸರಕ್ಕೆ ಉಡುಪಿಯಲ್ಲೋ ಮಂಗಳೂರಿನಲ್ಲೋ ಸಿಗುವ ಸಂಭವವೂ ಹೆಚ್ಚು. ಒಂದು ಎಚ್ಚರಿಕೆ ಇದೆ. ಕೆಲವು ಎಂಜಿನ್ ಮಾದರಿಗಳ ಬ್ರೇಕ್ ದೊಡ್ಡದಿದ್ದು ಸಣ್ಣ ರಿಮ್ ಕೂರುವುದಿಲ್ಲ. ಅದೇ ಮಾದರಿಗೆ ಕಂಪನಿಯೇ ಒಪ್ಪಿದ ಅಳತೆಗಳನ್ನು ಕೈಪಿಡಿಯಲ್ಲೋ ಬಾಗಿಲ ಕಂಬದ ಚೀಟಿಯಲ್ಲೋ ನೋಡಿ ಅದರೊಳಗೆ ಇಳಿಯಬೇಕು. ಅಳತೆಯ ಜೊತೆಗೆ ಬರುವ ಭಾರದ ಅಂಕಿಯನ್ನೂ ಬಿಡಬಾರದು. 100 ಎಂದಿದ್ದರೆ ಒಂದು ಟಯರ್ 800 ಕಿಲೋ ಹೊರುತ್ತದೆ, 104 ಇದ್ದರೆ 900, 108 ಇದ್ದರೆ 1,000. ಎರಡು ಟನ್ನಿನ ಗಾಡಿಗೆ ಏಳು ಜನ, ಮದುವೆಯ ಸಾಮಾನು, ಮೇಲೆ ಎರಡು ಚೀಲ ತೆಂಗಿನಕಾಯಿ ಹೇರುವವರು ನಾವು. ಕಂಪನಿ ಕೊಟ್ಟದ್ದಕ್ಕಿಂತ ಕಡಿಮೆ ಅಂಕಿಯ ಟಯರನ್ನು ಅಗ್ಗಕ್ಕೆ ಸಿಕ್ಕಿತೆಂದು ಹಾಕಿಸಬಾರದು. ವೇಗದ ಅಕ್ಷರ, ಅಂದರೆ 210 ಕಿ.ಮೀ.ಗೆ ‘ಎಚ್’, 240ಕ್ಕೆ ‘ವಿ’, ಇವುಗಳ ಬಗ್ಗೆ ನಮ್ಮ ರಸ್ತೆಯಲ್ಲಿ ಹೆಚ್ಚು ಚರ್ಚೆ ಬೇಡ. ಕಂಪನಿ ಹೇಳಿದ್ದಕ್ಕಿಂತ ಕೆಳಗೆ ಹೋಗದಿದ್ದರೆ ಸಾಕು.

ಇನ್ನು ಮಳೆ. ಒದ್ದೆ ರಸ್ತೆಯಲ್ಲಿ ಎರಡು ಬೇರೆ ಬೇರೆ ಕೆಲಸ ಇವೆ, ನಾವು ಎರಡನ್ನೂ ‘ಗ್ರಿಪ್’ ಎಂದು ಕರೆದು ಗೊಂದಲ ಮಾಡಿಕೊಳ್ಳುತ್ತೇವೆ. ತೆಳ್ಳಗೆ ನೀರು ಇರುವಲ್ಲಿ ಹಿಡಿಯುವುದು ರಬ್ಬರಿನ ಪಾಕ. 1992ರಲ್ಲಿ ಮಿಶೆಲಿನ್ ಕಪ್ಪು ಇಂಗಾಲದ ಪುಡಿಯ ಒಂದು ಪಾಲಿನ ಬದಲು ಸಿಲಿಕಾ ಬೆರೆಸಿದ ಟಯರನ್ನು ಮಾರುಕಟ್ಟೆಗೆ ತಂದ ಮೇಲೆ ಕಡಿಮೆ ಇಂಧನ ತಿನ್ನುವ ಟಯರೇ ಒದ್ದೆಯಲ್ಲಿ ಚೆನ್ನಾಗಿ ಹಿಡಿಯುವುದೂ ಸಾಧ್ಯವಾಯಿತು. ನೀರು ನಿಂತಲ್ಲಿ ಕೆಲಸ ಮಾಡುವುದು ಕಾಲುವೆಗಳು, ಅಂದರೆ ಬಟನ್ನಿನ ನಡುವಿನ ಗೀರುಗಳು. ಅವು ನೀರನ್ನು ಪಕ್ಕಕ್ಕೆ ತಳ್ಳಲಾರದೆ ಹೋದರೆ ಗಾಡಿ ನೀರಿನ ಮೇಲೆ ತೇಲುತ್ತದೆ. ಸ್ಟಿಯರಿಂಗ್ ತಿರುಗಿಸಿದರೂ ಏನೂ ಆಗುವುದಿಲ್ಲ. ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಜೂನ್ ತಿಂಗಳ ರಾತ್ರಿ ಓಡಿಸಿದವರಿಗೆ ಆ ಹಗುರವಾದ, ಹೊಟ್ಟೆ ತೊಳಸುವ ಅನುಭವ ಗೊತ್ತು.

1960ರ ದಶಕದಲ್ಲಿ ನಾಸಾದ ವಾಲ್ಟರ್ ಹಾರ್ನ್ ಎಂಬವರು ವಿಮಾನದ ಟಯರುಗಳನ್ನು ಪರೀಕ್ಷಿಸಿ ಇದಕ್ಕೊಂದು ಸರಳ ಸೂತ್ರ ಕಂಡುಕೊಂಡರು: ತೇಲುವ ವೇಗ ಗಾಳಿಯ ಒತ್ತಡದ ವರ್ಗಮೂಲಕ್ಕೆ ತಕ್ಕಂತೆ ಏರುತ್ತದೆ. ಕಾರಿಗೆ ಅದು ಅಂದಾಜು ಮಾತ್ರ, ಆದರೆ ಕಣ್ಣು ತೆರೆಸುತ್ತದೆ. 36 ಪಾಯಿಂಟ್ ಗಾಳಿ ಇದ್ದರೆ ಸುಮಾರು 100 ಕಿ.ಮೀ.; ಅದೇ 25ಕ್ಕೆ ಇಳಿದಿದ್ದರೆ 83 ಕಿ.ಮೀ. ಮೆತ್ತಗಿರಲಿ ಎಂದು ಗಾಳಿ ಕಡಿಮೆ ಹಾಕಿಸಿಕೊಂಡು ಓಡಾಡುವವರು ನಮ್ಮಲ್ಲಿ ಬೇಕಾದಷ್ಟು. ಮಳೆಗಾಲದಲ್ಲಿ ಅದಕ್ಕಿಂತ ದುಬಾರಿ ಮೆತ್ತಗೆ ಬೇರೆ ಇಲ್ಲ.

ಬಟನ್ ಎಷ್ಟು ಸವೆದಾಗ ಬದಲಿಸಬೇಕು? ಕಾನೂನಿನ ಮಿತಿ 1.6 ಮಿ.ಮೀ.; ಗೀರಿನೊಳಗೆ ಅಡ್ಡಕ್ಕೆ ಇರುವ ಸಣ್ಣ ದಿಣ್ಣೆ ಆ ಮಟ್ಟವನ್ನು ತೋರಿಸುತ್ತದೆ. ಹೊಸ ಟಯರಿನಲ್ಲಿ ಸುಮಾರು 8 ಇರುತ್ತದೆ. ಕರಾವಳಿಯಲ್ಲಿ 3ಕ್ಕೆ ಬಂದಾಗಲೇ ಬಿಡಬೇಕು ಎಂಬುದು ನನ್ನ ಅಭಿಪ್ರಾಯ, ಅದೂ ಮೇ ತಿಂಗಳೊಳಗೆ. ನಾನು ಬೆಂಕಿಕಡ್ಡಿಯ ಮದ್ದಿನ ತುದಿಯನ್ನು ಗೀರಿಗೆ ಇಳಿಸಿ ನೋಡುತ್ತೇನೆ; ಮದ್ದು ಪೂರ್ತಿ ಮುಳುಗದಿದ್ದರೆ ಈ ಮಳೆಗಾಲ ಅದರಲ್ಲಿ ಬೇಡ.

ಹೆಸರುಗಳ ವಿಷಯದಲ್ಲಿ ಒಂದು ದೊಡ್ಡ ತಪ್ಪು ಕಲ್ಪನೆ ಇದೆ. ಅಮೆರಿಕದಲ್ಲಿರುವ ಮಗ ಫೋನಿನಲ್ಲಿ ‘ಆಲ್ ಸೀಸನ್ ಹಾಕಿಸಿ’ ಎನ್ನುತ್ತಾನೆ. ‘ಸಮ್ಮರ್ ಟಯರ್’ ಎಂದರೆ ಬೇಸಿಗೆಗೆ ಮಾತ್ರ ಎಂದು ಇಲ್ಲಿಯವರೂ ನಂಬಿಬಿಡುತ್ತಾರೆ. ಯುರೋಪಿನ ಲೆಕ್ಕದಲ್ಲಿ ಸಮ್ಮರ್ ಎಂದರೆ ಸುಮಾರು 7 ಡಿಗ್ರಿಗಿಂತ ಹೆಚ್ಚು ಸೆಕೆ ಇರುವ ಕಾಲ, ಮಳೆಯೂ ಸೇರಿ. ಆಲ್ ಸೀಸನ್ ಎಂದರೆ ಹಿಮಕ್ಕೂ ಸ್ವಲ್ಪ ಒಗ್ಗಲಿ ಎಂದು ಮಾಡಿಕೊಂಡ ರಾಜಿ. ಕುಂದಾಪುರದಲ್ಲಿ ಹಿಮ ಬೀಳುವ ದಿನ ಟಯರಿಗಿಂತ ದೊಡ್ಡ ಚಿಂತೆಗಳಿರುತ್ತವೆ. ನಮಗೆ ಬೇಕಾದ್ದು ಒದ್ದೆ ಹಿಡಿತಕ್ಕೆ ಒಳ್ಳೆಯ ಅಂಕ ಪಡೆದ ‘ಸಮ್ಮರ್’ ಟಯರೇ. ಯುರೋಪಿನ ಚೀಟಿಯಲ್ಲಿ ಅದು ‘ಎ’ಯಿಂದ ‘ಇ’ವರೆಗಿನ ಅಕ್ಷರವಾಗಿ ಇರುತ್ತದೆ; ‘ಎ’ ಅಥವಾ ‘ಬಿ’ ಇರಬೇಕು. ಟಯರಿನ ಮೇಲೇ ಇರುವ ಟ್ರೆಡ್‌ವೇರ್ ಅಂಕಿ, 300, 400 ಎಂದು, ಬಾಳಿಕೆಯ ಸೂಚನೆ. ಆದರೆ ಅದನ್ನು ಕೊಡುವುದು ತಯಾರಕರೇ. ಒಂದು ಕಂಪನಿಯ 400ನ್ನು ಇನ್ನೊಂದರ 300ರ ಜೊತೆ ಹೋಲಿಸಿ ಲಾಭ ಇಲ್ಲ.

ಮಾರುಕಟ್ಟೆಯಲ್ಲಿ ಇರುವುದನ್ನು ಸ್ಥೂಲವಾಗಿ ಮೂರು ಗುಂಪು ಮಾಡಬಹುದು. ಮೌನ, ಮೃದುತ್ವ ಮೊದಲು ಎನ್ನುವವು: ಮಿಶೆಲಿನ್ ಪ್ರೈಮಸಿ ಎಸ್‌ಯುವಿ, ಬ್ರಿಡ್ಜ್‌ಸ್ಟೋನ್ ಅಲೆಂಜಾ, ಪಿರೆಲ್ಲಿ ಸ್ಕಾರ್ಪಿಯನ್ ವರ್ಡೆ ಈ ಕಡೆಯವು. ಚುರುಕು ಮೊದಲು ಎನ್ನುವವು: ಮಿಶೆಲಿನ್ ಪೈಲಟ್ ಸ್ಪೋರ್ಟ್ 4 ಎಸ್‌ಯುವಿ ಅದಕ್ಕೆ ಉದಾಹರಣೆ, ಒದ್ದೆಯಲ್ಲೂ ಚೆನ್ನಾಗಿ ಹಿಡಿಯುತ್ತದೆ, ಬೇಗ ಸವೆಯಬಹುದು, ಕಾಂಕ್ರೀಟಿನ ಮೇಲೆ ಸದ್ದು ಹೆಚ್ಚು. ಶಿರಾಡಿ ಘಾಟಿಯ ಕಾಂಕ್ರೀಟು ದಾರಿಯಲ್ಲಿ ಬರುವವರು ಕಿವಿ ಕೊಟ್ಟರೆ ಟಯರಿನ ಜಾತಿ ಗೊತ್ತಾಗುತ್ತದೆ. ಮೂರನೆಯದು ದಪ್ಪ ಬಟನ್ನಿನ ಆಲ್ ಟೆರೇನ್. ಇತ್ತೀಚೆಗೆ ಫಾರ್ಚೂನರಿಗೆ ಅದನ್ನು ಹಾಕಿಸುವುದು ಒಂದು ಷೋಕಿ. ಕೆಸರಿನ ತೋಟದ ದಾರಿಗೆ ಅದು ಸರಿ. ಬರೇ ಡಾಂಬರಿನಲ್ಲಿ ಓಡುವವರಿಗೆ ಅದರಿಂದ ಸಿಗುವುದು ಗುಂಯ್‌ಗುಡುವ ಸದ್ದು, ಒದ್ದೆಯಲ್ಲಿ ಉದ್ದವಾಗುವ ಬ್ರೇಕು ಮತ್ತು ಫೋಟೋ. ಫಾರ್ಚೂನರಿನ 265/65 ಆರ್17, 265/60 ಆರ್18 ಅಳತೆಗಳಲ್ಲಿ ಪಕ್ಕೆ ಮೊದಲೇ 159ರಿಂದ 172 ಮಿ.ಮೀ. ಇದೆ, ಗಾಳಿಗೆ ಕೊರತೆಯಿಲ್ಲ. ಅದರ ಕುಲುಕು ಏಣಿಯಂಥ ಚೌಕಟ್ಟಿನದು, ಟಯರಿನದಲ್ಲ. ಆ ಗಾಡಿಗೆ ಟಯರಿನಲ್ಲಿ ಮೃದುತ್ವ ಹುಡುಕುವ ಬದಲು ಒದ್ದೆ ಹಿಡಿತ ಹುಡುಕುವುದು ಜಾಣತನ.

ಇನ್ನು ಪಂಕ್ಚರಾದರೂ ಓಡುವ ರನ್‌ಫ್ಲಾಟ್. ಪಕ್ಕೆ ಗಟ್ಟಿಯಾಗಿರುವುದರಿಂದ ಗಾಳಿ ಹೋದರೂ 80 ಕಿ.ಮೀ. ವೇಗದಲ್ಲಿ 80 ಕಿ.ಮೀ. ದೂರ ಹೋಗಬಹುದು ಎಂಬುದು ಸಾಮಾನ್ಯ ಭರವಸೆ. ಕುಂದಾಪುರದಿಂದ ಹೊರಟರೆ ಉಡುಪಿ ದಾಟುತ್ತದೆ, ಮಂಗಳೂರು ಮುಟ್ಟುವುದಿಲ್ಲ. ಆ ಗಟ್ಟಿ ಪಕ್ಕೆಯೇ ಉಳಿದ ದಿನವೆಲ್ಲ ಸೊಂಟಕ್ಕೆ ತಾಗುತ್ತದೆ. ಹಾಗೆಂದು ಮಾಮೂಲು ಟಯರಿಗೆ ಬದಲಾಯಿಸಿದರೆ, ರನ್‌ಫ್ಲಾಟ್ ಹಾಕಿ ಬಂದ ಎಷ್ಟೋ ಗಾಡಿಗಳಲ್ಲಿ ಸ್ಟೆಪ್ನಿಯೇ ಇರುವುದಿಲ್ಲ. (ಸ್ಟೆಪ್ನಿ ನಮ್ಮ ಭಾಷೆಯದೇ ಎನ್ನುವಷ್ಟು ಹಳೆಯ ಮಾತು, ಬಂದದ್ದು ವೇಲ್ಸಿನ ಲನೆಥ್ಲಿ ಪಟ್ಟಣದ ಸ್ಟೆಪ್ನಿ ಬೀದಿಯಿಂದ, 1904ರ ಹೊತ್ತಿಗೆ ಅಲ್ಲಿ ಬದಲಿ ಚಕ್ರ ಮಾಡಿ ಮಾರುತ್ತಿದ್ದರು.) ಬಾಳೆಬರೆಯಲ್ಲಿ ರಾತ್ರಿ ಮೊಬೈಲಿಗೆ ಸಿಗ್ನಲ್ ಸಿಗದ ಜಾಗಗಳು ನೆನಪಾದರೆ ಡಿಕ್ಕಿಯಲ್ಲಿ ಜಾಗ ಹೋದರೂ ಒಂದು ಸ್ಟೆಪ್ನಿ ಇಟ್ಟುಕೊಂಡು ಮಾಮೂಲು ಟಯರ್ ಹಾಕಿಸುವುದೇ ಸರಿ ಎನಿಸುತ್ತದೆ. ಒಳಗೆ ಸ್ಪಂಜು ಅಂಟಿಸಿದ, ಸದ್ದು ಕಡಿಮೆ ಮಾಡುವ ಟಯರುಗಳೂ ಇವೆ. ನಮ್ಮ ಪಂಕ್ಚರಿನ ಹುಡುಗ ಅದನ್ನೊಮ್ಮೆ ಬಿಚ್ಚಿ ನೋಡಿ “ಇದೆಂತ ಮಾರ್ರೆ, ಹಾಸ್ಗಿ ಹಾಕಿರ್” ಎಂದು ನಕ್ಕಿದ್ದ. ಒಳಗಿನಿಂದ ಪ್ಯಾಚ್ ಹಾಕಲು ಆ ಹಾಸಿಗೆಯನ್ನು ಕತ್ತರಿಸಲೇಬೇಕು.

ಅಂಗಡಿಯವರು ಅಪ್ಪಣೆಯ ಹಾಗೆ ಹೇಳುವ ಇನ್ನೊಂದು ವಿಷಯ ಪಕ್ಕೆಯ ಮೇಲಿನ ಗುರುತು: ಬಿಎಂಡಬ್ಲ್ಯುಗೆ ನಕ್ಷತ್ರ, ಬೆಂಜಿಗೆ ‘ಎಂಒ’, ಔಡಿಗೆ ‘ಎಒ’. ಆ ಗಾಡಿಗೆಂದೇ ಹದ ಮಾಡಿದ ಟಯರ್ ಎಂದು ಅರ್ಥ. ಸಿಕ್ಕಿದರೆ ಒಳ್ಳೆಯದು, ಸಿಗದಿದ್ದರೆ ಅದಕ್ಕೆಂದು ಹಳೆಯ ಸರಕು ಕೊಳ್ಳಬೇಡಿ. 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಟಯರ್ ಆಮದಿಗೆ ಪರವಾನಗಿ ಕಡ್ಡಾಯ ಮಾಡಿದ ಮೇಲೆ ಇಂಥ ದೊಡ್ಡ ಅಳತೆಗಳಿಗೆ ಬರ ಬಂದಿತ್ತು. ಈಗ ಇಲ್ಲಿಯೇ ತಯಾರಾಗುವವು ಹೆಚ್ಚಾಗಿವೆ. 2009ರಲ್ಲಿ ಡಚ್ ಕಂಪನಿ ವ್ರೆಡೆಸ್ಟೈನನ್ನು ಕೊಂಡ ಅಪೊಲೊ ಅದೇ ಹೆಸರಿನ ಟಯರನ್ನು ಭಾರತದಲ್ಲಿ ಮಾಡುತ್ತಿದೆ. ಯಾವುದೇ ಆಗಲಿ, ಹುಟ್ಟಿದ ತಾರೀಖು ನೋಡದೆ ದುಡ್ಡು ಕೊಡಬಾರದು. ಪಕ್ಕೆಯಲ್ಲಿ ಪುಟ್ಟ ಚೌಕಟ್ಟಿನೊಳಗೆ ನಾಲ್ಕು ಅಂಕಿ: 2324 ಎಂದರೆ 2024ರ 23ನೇ ವಾರ.

ಈ ತಾರೀಖು ನಮ್ಮೂರಿಗೆ ಬೇರೆಯೇ ಕಾರಣಕ್ಕೆ ಮುಖ್ಯ. ಇಲ್ಲಿಯ ಎಷ್ಟೋ ದೊಡ್ಡ ಗಾಡಿಗಳು ಓಡುವುದಕ್ಕಿಂತ ನಿಲ್ಲುವುದೇ ಹೆಚ್ಚು. ಮಾಲೀಕರು ದುಬೈಯಲ್ಲಿ, ಗಾಡಿ ಶೀಟು ಹಾಕಿದ ಕೊಟ್ಟಿಗೆಯಲ್ಲಿ. ಬಟನ್ ಸವೆಯದೆ ರಬ್ಬರು ಮುದಿಯಾಗುತ್ತದೆ, ಗಟ್ಟಿಯಾಗುತ್ತದೆ, ಪಕ್ಕೆಯಲ್ಲಿ ಕೂದಲೆಳೆಯ ಬಿರುಕು ಬಿಡುತ್ತದೆ. ತಿಂಗಳುಗಟ್ಟಲೆ ಒಂದೇ ಕಡೆ ನಿಂತರೆ ಕೆಳಭಾಗ ಚಪ್ಪಟೆಯಾಗಿ, ಹೊರಟಾಗ ದಡದಡ ಎನ್ನುತ್ತದೆ. ಕಡಲ ಉಪ್ಪುಗಾಳಿ ಅಲಾಯಿಯ ಅಂಚನ್ನು ತಿಂದು, ಟಯರ್ ಕೂರುವಲ್ಲಿ ಬಿಳಿ ಪುಡಿ ಏಳುತ್ತದೆ. ಅಲ್ಲಿಂದ ಗಾಳಿ ನಿಧಾನ ಸೋರುತ್ತದೆ. ಪಂಕ್ಚರ್ ಹುಡುಕಿ ಹುಡುಕಿ ಸೋತ ಮೇಲೆ ಗೊತ್ತಾಗುವ ಕಾಯಿಲೆ ಇದು. ಹೊಸ ಟಯರ್ ಹಾಕುವಾಗ ಆ ಅಂಚನ್ನು ಉಜ್ಜಿ ಶುದ್ಧ ಮಾಡಿ ಎಂದು ನಿಂತು ಹೇಳಬೇಕು. ಆರು ವರ್ಷ ದಾಟಿದ ಟಯರನ್ನು ಬಟನ್ ಎಷ್ಟೇ ಇರಲಿ ನಾನು ಘಾಟಿ ಹತ್ತಿಸುವುದಿಲ್ಲ.

ಎರಡೇ ಹಾಕಿಸಿದರೆ ಸಾಲದೇ ಎಂದು ಭಾವನೂ ಕೇಳಿದರು. ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಶಕ್ತಿ ಹೋಗುವ ಗಾಡಿಯಲ್ಲಿ ಹೊಸದಕ್ಕೂ ಹಳೆಯದಕ್ಕೂ 4 ಮಿ.ಮೀ. ಬಟನ್ ವ್ಯತ್ಯಾಸ ಇದ್ದರೆ ಹಳೆಯದು ಪ್ರತಿ ಕಿಲೋಮೀಟರಿಗೆ ಸುಮಾರು ಐದು ಸುತ್ತು ಹೆಚ್ಚು ತಿರುಗುತ್ತದೆ. ಬೆಂಗಳೂರಿಗೆ 400 ಕಿ.ಮೀ. ಆಸುಪಾಸು, ಅಷ್ಟೂ ದೂರ ಒಳಗಿನ ಗೇರುಗಳು ಆ ಜಗಳವನ್ನು ತೀರಿಸುತ್ತಲೇ ಇರಬೇಕು. ನಾಲ್ಕೂ ಒಂದೇ ಇರಲಿ. ಎರಡೇ ಚಕ್ರಕ್ಕೆ ಎಂಜಿನ್ನಿನ ಶಕ್ತಿ ಹೋಗುವ ಕಾರಾಗಿ ಎರಡೇ ಹಾಕಿಸುವುದಾದರೆ ಹೊಸದು ಹಿಂದಕ್ಕೆ; ಒದ್ದೆಯಲ್ಲಿ ಹಿಂಬದಿ ಜಾರಿದರೆ ಹಿಡಿಯುವವರಿಲ್ಲ.

ಭಾವ ಕೊನೆಗೆ 18ರ ರಿಮ್ ಹುಡುಕಿ, ಮೊದಲ ಗುಂಪಿನ ಟಯರ್ ಹಾಕಿಸಿದರು. ಜುಲೈಯಲ್ಲಿ ಮತ್ತೆ ಬಂದಾಗ ಕಾರು ಓಣಿಯೊಳಗೆ, ಅಂಗಳದವರೆಗೂ ಬಂತು. ಅತ್ತೆಗೆ ಅಳತೆಯ ಲೆಕ್ಕ ಯಾರೂ ಹೇಳಿರಲಿಲ್ಲ. ಇಳಿಯುತ್ತಾ “ಈ ಸಲ ರಸ್ತೆ ಅಡ್ಡಿಲ್ಲ” ಎಂದರು.

ತೆಗೆದ ನಾಲ್ಕು ಟಯರು ನಮ್ಮ ಕೊಟ್ಟಿಗೆಯಲ್ಲೇ ಉಳಿದಿದ್ದವು. ದೋಣಿಯ ಪಕ್ಕಕ್ಕೆ ಕಟ್ಟಲು ಹಳೆ ಟಯರ್ ಬೇಕು ಎಂದು ಗಂಗೊಳ್ಳಿಯ ಪರಿಚಯದವರೊಬ್ಬರು ಕೇಳಿದ್ದರು, ಉಬ್ಬಿದ್ದನ್ನು ಕೊಂಡುಹೋಗಿ ಕೊಟ್ಟೆ. ಅವರು ಅದರ ಪಕ್ಕೆಯನ್ನು ಹೆಬ್ಬೆರಳಲ್ಲಿ ಒತ್ತಿದರು, ಇನ್ನೊಮ್ಮೆ ಅಂಗೈಯಲ್ಲಿ ಒತ್ತಿದರು, ಆಮೇಲೆ ನನ್ನ ಸ್ಕೂಟರಿಗೇ ಒರಗಿಸಿ ಇಟ್ಟರು. “ಇದ್ ಬ್ಯಾಡ ಮಾರಾಯ್ರೆ. ಲಾರಿದ್ ಇದ್ರೆ ಕಾಣಿ. ಇದ್ರಗೆ ಮೆತ್ತಗಿಪ್ಪ ಜಾಗ್ವೇ ಇಲ್ಲ.”